ಪೊಳ್ಳು

ನೆಲ್ಲಿಕುಂಜೆಯ ಹನ್ನೊಂದು ಮಾಳಿಗೆಯ ನೆತ್ತಿಯಿಂದ
ಎರಡು ಹಗ್ಗ ಇಳಿದಿವೆ, ಒಂದು ಕೆಂಪು, ಒಂದು ನೀಲಿ.
ಒಂದು ಅವನ ಭಾರಕ್ಕೆ,
ಇನ್ನೊಂದು ಮೊದಲನೆಯದರ ಮೇಲಿನ ಸಂಶಯಕ್ಕೆ.

ಚನಿಯಪ್ಪ ಬೆಳ್ಚಪ್ಪಾಡ. ಐವತ್ತೆರಡು.
ಹತ್ತು ವರ್ಷದ ಹಿಂದಿನ ತನಕ ತೆಂಗಿನ ತುದಿಯಲ್ಲಿ
ಎಲುಬಿನ ತುಂಡು ಹಿಡಿದು ಹೊಂಬಾಳೆ ತಟ್ಟುತ್ತಿದ್ದವನು,
ಎಲ್ಲಿ ತಟ್ಟಿದರೆ ಕಳ್ಳು ಇಳಿಯುತ್ತದೆಂದು ಕೈಯೇ ಬಲ್ಲವನು.
ಈಗ ಇನ್ನೂರು ಗ್ರಾಮಿನ ಸುತ್ತಿಗೆ,
ಎದುರಿಗೆ ಉಪ್ಪುಗಾಳಿ ತಿಂದ ಗೋಡೆ.

ನಾನು ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ,
ತಲೆಗೆ ಹಳದಿ ಟೊಪ್ಪಿ, ತೊಡೆಯ ಮೇಲೆ ನಗರಸಭೆಯ ಫಾರಂ.
ಎಂಟು ಪುಟ, ಮಲಯಾಳದಲ್ಲಿ.
ಎತ್ತರದ ಕಟ್ಟಡಗಳ ಹೊರಮೈ ತಪಾಸಣೆ,
ಕೊನೆಯ ದಿನ ಮೂವತ್ತೊಂದು.
ಇವತ್ತು ಇಪ್ಪತ್ತೊಂಬತ್ತು.

ಟಕ್ ಅಂದರೆ ಗಟ್ಟಿ.
ಡಬ್ ಅಂದರೆ ಗಾರೆ ಗೋಡೆಯ ಕೈ ಬಿಟ್ಟಿದೆ,
ಬರೀ ಅಭ್ಯಾಸದಿಂದ ನಿಂತಿದೆ.
"ಪೊಳ್ಳು!" ಎಂದು ಮೇಲಿನಿಂದ ಕೂಗುತ್ತಾನೆ.
ತುಳುವೋ ಕನ್ನಡವೋ ಮಲಯಾಳವೋ
ಅಷ್ಟು ಎತ್ತರದಿಂದ ತಿಳಿಯುವುದಿಲ್ಲ.
ನಕ್ಷೆಯಲ್ಲಿ ನಾನೊಂದು ಕೆಂಪು ಸೊನ್ನೆ ಸುತ್ತುತ್ತೇನೆ.
ಹತ್ತನೆಯದರಲ್ಲಿ ಎರಡು. ಒಂಬತ್ತರಲ್ಲಿ ಒಂದೂ ಇಲ್ಲ.
ಎಂಟರ ಮೂಲೆಯಲ್ಲಿ ಸೊನ್ನೆಗೆ ಸೊನ್ನೆ ತಾಗಿ
ಸರಪಳಿಯಾಯಿತು.

ಏಳರ ಕಿಟಕಿ ತೆರೆಯಿತು. ಒಬ್ಬ ಹೆಂಗಸು
ಸರಳುಗಳ ನಡುವಿನಿಂದ ಚಾ ಚಾಚಿದಳು.
ಗಾಳಿಯಲ್ಲಿ ಕೂತು ಕುಡಿದ, ಲೋಟ ಮರಳಿಸಿದ,
ಆಮೇಲೆ ಹೇಳಿದ: "ಅಕ್ಕಾ, ಛಜ್ಜದಿಂದ ಆ ಹೂಕುಂಡ ಎಲ್ಲ ತೆಗೆಯಿರಿ."
"ಯಾಕೆ, ಬೀಳ್ತದಾ?"
"ಕುಂಡ ಬೀಳ್ಲಿಕ್ಕಿಲ್ಲ. ಛಜ್ಜ."

ಕಾರ್ಯದರ್ಶಿ ಸೂಪಿಯವರು ನನಗೆ ಲಿಂಬೆ ಸೋಡಾ ತಂದರು.
"ಬಣ್ಣ ಹೊಡೆಸಿ ಆರು ತಿಂಗಳಾಗ್ಲಿಲ್ಲ ಮಗಳೇ.
ಲಿಫ್ಟಿನ ಸಾಲವೇ ತೀರ್ಲಿಲ್ಲ. ನಲುವತ್ತನಾಲ್ಕು ಮನೆ,
ಅರ್ಧದವರು ಶಾರ್ಜಾದಲ್ಲಿ, ಫೋನ್ ಎತ್ತುವುದಿಲ್ಲ.
ಮಳೆ ಒಂದು ಕಳೀಲಿ."
ಕೆಟ್ಟ ಮನುಷ್ಯ ಅಲ್ಲ. ಅದೇ ಕಷ್ಟ.

ಕೊನೆಯ ಪುಟದಲ್ಲಿ ಎರಡೇ ಚೌಕ:
ತೃಪ್ತಿಕರಂ. ತೃಪ್ತಿಕರಮಲ್ಲ.
ಕನ್ನಡ ಶಾಲೆಯಲ್ಲಿ ಕಲಿತವಳಿಗೂ ಇಷ್ಟು ಓದಬರುತ್ತದೆ.
ಬಾಲದಲ್ಲೊಂದು 'ಅಲ್ಲ',
ಅದರ ಬೆಲೆ ಹದಿನೆಂಟು ಲಕ್ಷ.

ಫುಟ್‌ಪಾತಿನ ಕೊಡೆ ರಿಪೇರಿಯ ಬಟ್ಯ ಎದ್ದು ಬಂದ,
ಕೈಯಲ್ಲಿ ಚಪ್ಪಲಿಯಷ್ಟು ಕಾಂಕ್ರೀಟಿನ ತುಂಡು.
"ಇದು ಹೋದ ಆಟಿಯಲ್ಲಿ ಬಿತ್ತು,
ನಾನು ಚಾಕ್ಕೆ ಹೋಗಿದ್ದೆ."
ಅಂದಿನಿಂದ ಅವನ ಕೊಡೆಬಟ್ಟೆ ಹಾರದಂತೆ ಅದೇ ಭಾರ.
ತಿರುಗಿಸಿ ನೋಡಿದೆ. ಕಂಬಿಯ ಗುರುತು, ತುಕ್ಕಿನ ಕಂದು,
ಒಡೆದ ಅಂಚಿನಲ್ಲಿ
ಉಗುರಿನಷ್ಟು ಬಿಳಿ ಕಪ್ಪೆಚಿಪ್ಪು.

ಅಂದರೆ ಯಾವುದೋ ರಾತ್ರಿ ಲಾರಿಯಲ್ಲಿ
ಕಡಲನ್ನೇ ತಂದು ಸಿಮೆಂಟಿಗೆ ಕಲಸಿದ್ದಾರೆ.
ಉಪ್ಪು ಹೊರಗಿನಿಂದ ಬಂದದ್ದಲ್ಲ.
ಎಂಟು ಪುಟದಲ್ಲಿ ಚಿಪ್ಪಿಗೆ ಎಲ್ಲೂ ಕಾಲಂ ಇಲ್ಲ.

ಸೂಪಿಯವರಿಗೆ ತೋರಿಸಿದೆ. ಬೆರಳಲ್ಲಿ ಮುಟ್ಟಿದರು,
ಏನೂ ಹೇಳಲಿಲ್ಲ. ಆಮೇಲೆ ಕಾರಿನ ಕೀಲಿ ತೆಗೆದು
ಗೇಟಿನ ಕಂಬಕ್ಕೆ ತಟ್ಟಿದರು. ಟಕ್.
ಒಂದು ಹೆಜ್ಜೆ ಆಚೆ. ಟಕ್.
ಇನ್ನೊಂದು.
ಅಲ್ಲಿ ನಿಂತರು, ಮತ್ತೆ ಅದೇ ಜಾಗಕ್ಕೆ ತಟ್ಟಿದರು,
ಕಿವಿ ಗೋಡೆಗೆ ಹಚ್ಚಿದರು.

ನಾನು 'ಅಲ್ಲ'ದ ಚೌಕಕ್ಕೆ ಗೀಟು ಹಾಕಿದೆ.
ಸೋಡಾದ ಗ್ಯಾಸ್ ಹೋಗಿತ್ತು, ಕುಡಿದೆ.

ಚನಿಯಪ್ಪ ಇಳಿದು ಕೊಕ್ಕೆ ಬಿಚ್ಚುತ್ತಿದ್ದ,
ಹುಬ್ಬಿನ ಮೇಲೆ ಸುಣ್ಣದ ಧೂಳು.
"ಮರ ಆದರೆ ಏನಾದರೂ ಕೊಡ್ತಿತ್ತು" ಅಂದ.

ಏಳರಲ್ಲಿ ಒಂದು ಕೈ ಕುಂಡಗಳನ್ನು
ಒಂದೊಂದಾಗಿ ಒಳಗೆಳೆದುಕೊಳ್ಳುತ್ತಿತ್ತು.
ಬಟ್ಯ ಪೆಟ್ಟಿಗೆಯನ್ನು ಮೂರಡಿ ರಸ್ತೆಯ ಕಡೆ ಸರಿಸಿ
ನನ್ನ ಚೀಲದ ಹತ್ತಿರ ಬಂದು ನಿಂತ:
"ಆ ತುಂಡು ಕೊಡಿ ಮೇಡಂ, ಗಾಳಿ ಎದ್ದಿದೆ."