ಚಿಲ್ಲರೆ

ಬಿಲ್ಲು ನಾನೂರಾ ತೊಂಬತ್ತೆಂಟು.
"ಉಳದ ಎರಡು ರೂಪಾಯಿ ಸಾಲಿ ಮಕ್ಕಳಿಗೆ ಕೊಡತೀರೇನ್ರಿ?"
ದಿನಕ್ಕ ಇನ್ನೂರು ಸಲ ಕೇಳತೀನಿ.
ಕೇಳಲಿಲ್ಲಂದ್ರ
ಯಾಕ ಕೇಳಲಿಲ್ಲಂತ ನೆತ್ತಿ ಮ್ಯಾಲಿನ ಕ್ಯಾಮೆರಾ ಕೇಳತೈತಿ.

ಪೇಪರಿನಾಗ ನಮ್ಮ ಧಂದೆಕ್ಕ ಚಿಲ್ಲರೆ ವ್ಯಾಪಾರ ಅಂತಾರ.
ಸಾವಿರ ಕೋಟಿಗೂ ಅದೇ ಹೆಸರು,
ಈ ಎರಡು ರೂಪಾಯಿಗೂ.

ಎದಿ ಮ್ಯಾಲಿನ ಪಟ್ಟಿಯೊಳಗ ಸವಿತಾ ಅಂತ ಐತಿ.
ಸವಿತಾ ಕೆಲಸ ಬಿಟ್ಟು ಎಂಟು ತಿಂಗಳಾತು,
ನನ್ನ ಪಟ್ಟಿ ಹುಬ್ಬಳ್ಳಿಯಿಂದ ಬರಬೇಕಂತ.
ನಾ ದಾನಮ್ಮ.
ಗುಡ್ಡಾಪುರಕ್ಕ ಹರಕಿ ಹೊತ್ತು ಇಟ್ಟ ಹೆಸರು.
ಅವ್ವಗ ಹೇಳಿಲ್ಲ
ಇಲ್ಲಿ ನಾ ಬೇಡತೀನಂತ.

ರಾತ್ರಿ ಅವ್ವ ಮೀನಖಂಡಕ್ಕ ಕುಸಬಿ ಎಣ್ಣಿ ತಿಕ್ಕತಾಳ.
ಹಗ್ಗ ಹೊಸದಂಗ ನರ.
"ಅಂಗಡ್ಯಾಗ ಕೆಲಸ ಅಂದ್ಯಲ್ಲಬೇ,
ಹೊಲದಾಗೂ ಬುತ್ತಿ ಬಿಚ್ಚಿದಾಗ ಕುಂದ್ರತಿದ್ವಿ ನಾವು."

ನವನಗರದ ಗುರುಪಾದಪ್ಪ ಅಕ್ಕಿಮರಡಿ
ತಿಂಗಳಿಗೆರಡು ಸಲ ಬರತಾರ,
ಬ್ಯಾಳಿ ಪಾಕೀಟು ಕೈಯಾಗ ತೂಗಿ ನೋಡತಾರ,
ಮಷಿನ್ ಮ್ಯಾಲ ನಂಬಿಕಿ ಇಲ್ಲ.
ಹಳೇ ಬಾಗಲಕೋಟ್ಯಾಗ ಅವರದು ಕಿರಾಣಿ ಅಂಗಡಿ ಇತ್ತಂತ,
ಈಗ ಅವರ ಗಾದಿ ಇದ್ದಲ್ಲಿ
ಹಿನ್ನೀರಿನ ಮೀನು ಮಲಗತಾವ.
"ನಿನ್ನ ಕುರ್ಚಿ ಎಲ್ಲಿ ತಂಗಿ?"
"ಕುಂತ್ರ ಗಿರಾಕಿಗೆ ಅಗೌರವ ಅಂತರಿ."
"ನಲವತ್ತು ವರ್ಷ ಕುಂತೇ ಮಾರೀನಿ.
ಉದ್ರಿ ಇಲ್ಲ ಅಂದಾಗ ಸಿಟ್ಟಾಗಿ ಹೋದ್ರು,
ಕುಂತೀ ಅಂತ ಯಾರೂ ಹೋಗಲಿಲ್ಲ."
ಎರಡು ರೂಪಾಯಿ ವಾಪಸ್ ಇಸಗೊಂಡು
ಎರಡು ಸಲ ಎಣಿಸಿ
ಕಿಸೆದಾಗ ಹಾಕಿದ್ರು.

ಕಾರ್ತಿಕದಾಗ ಮುಂಬೈ ಸಾಹೇಬರು ಬಂದ್ರು.
ತುಳಸಿಗೇರಿ ದಾರಿಯ ಕನ್ನಡ ಸಾಲಿಗೆ ನಲವತ್ತು ಬೆಂಚು.
ಗಾಳಿ ಭಾಳ ಇತ್ತು,
ಸಾಮಾಜಿಕ ಹೊಣೆಗಾರಿಕೆ ಅಂತ ಬರದ ಬ್ಯಾನರು
ಹಾರಿ ಹೋಗಬಾರದಂತ
ಎಡಗಡೆ ತುದಿ ಹಿಡಿಯಾಕ ನನ್ನ ಕರಕೊಂಡು ಹೋದ್ರು.
ಸಾಹೇಬರ ಕಾರು ತಡಾ ಆತು.
"ಅಲ್ಲೇ ಕುಂದರವ್ವಾ" ಅಂದ್ರು ಹೆಡ್ ಮಾಸ್ತರ್ರು.

ಕುಂತೆ.

ಪ್ಲಾಸ್ಟಿಕ್ ಹಾಳಿ ಇನ್ನೂ ಬಿಚ್ಚಿರಲಿಲ್ಲ, ಚರ್ರ ಅಂತು.
ಮೊಣಕಾಲು ಮೊದಲು ನಂಬಲಿಲ್ಲ.
ಪಾಟೀಚೀಲ ತಬ್ಬಿಕೊಂಡ ಹುಡುಗಿಯೊಬ್ಬಳು
"ಅಕ್ಕಾರ, ಇದು ನಮ್ದು" ಅಂದ್ಲು,
ಆಮ್ಯಾಲ ಏನನಿಸಿತೋ, ಸರದು ಜಾಗಾ ಕೊಟ್ಲು.
ಬೆಂಚಿಗೆ ನಾಲ್ಕು ಸಾವಿರಂತ.
ದಿನಕ್ಕ ನೂರು ಮಂದಿ ಹೂಂ ಅಂದ್ರೂ
ಈ ಹಲಗಿ ನನ್ನ ಇಪ್ಪತ್ತು ದಿನದ ದನಿ.
ಮುಟ್ಟಿ ನೋಡಿದೆ. ನುಣ್ಣಗಿತ್ತು.

"ಸವಿತಾ, ಏಳು, ಏಳು, ಫೋಟೋ!"
ಸವಿತಾ ಎದ್ಲು.

ಪೇಪರಿನಾಗ ಬಂತು:
ಸಾಹೇಬರ ಪೇಟಾ, ಮಕ್ಕಳ ಹಲ್ಲು,
ಬ್ಯಾನರಿನ ತುದಿಗೆ ಒಂದು ಕೈ,
ನಾಲ್ಕು ಹಸರು ಬಳಿ.
ಅವ್ವ ಅದನ್ನ ಕತ್ತರಿಸಿ
ಕನ್ನಡಿ ಮೂಲಿಗೆ ಸಿಗಿಸ್ಯಾಳ.

ಇವತ್ತ ಅಕ್ಕಿಮರಡಿಯವರ ಬಿಲ್ಲು ಮುನ್ನೂರಾ ಹದಿನೆಂಟು.
ಪಾಳಿ ಬಾಗಲತನಕ ಬೆಳದಿತ್ತು.
"ಸಾಲಿ ಮಕ್ಕಳಿಗೆ ಎರಡು ರೂಪಾಯಿ..."
"ಏನು ಮಾಡತಾರ ಆ ರೊಕ್ಕ?"
"ಬೆಂಚು ಮಾಡಸ್ತಾರ್ರಿ."
"ಗಟ್ಟಿ ಅದಾವೇನು?"

ಗಟ್ಟಿ ಅದಾವ್ರಿ.
ಕುಂತು ನೋಡೀನಿ,
ಹತ್ತೊಂಬತ್ತು ನಿಮಿಷ.