ಖಾಲಿ ಬಿಟ್ಟ ಮನೆ

ಅಧ್ಯಕ್ಷೆಯಾದ ಮೊದಲ ದಿನ ಚೆನ್ನಾಜಮ್ಮ
ಪಂಚಾಯ್ತಿ ಕುರ್ಚಿಯಲ್ಲಿ ಕೂರಲಿಲ್ಲ. ಅದಕ್ಕೆ ಮೂರೇ ಕಾಲು.
ನಾಲ್ಕನೆಯದು ಗಲಾಟೆಯ ವರ್ಷ
ಯಾರದೋ ಕೈಲಿ ಹೋದದ್ದು, ವಾಪಸು ಬಂದಿಲ್ಲ.

ನಾನು ನೀರಗಂಟಿ. ಎರಡು ಕೇರಿಗೆ ಎರಡು ವಾಲ್ವು,
ಮೇಲ್ಕೇರಿಗೆ ಬೆಳಗ್ಗೆ, ಕೆಳಕೇರಿಗೆ ಸಂಜೆ.
ಕೊಡಕ್ಕೆ ಕೊಡ ತಾಗಬಾರದೆಂದು
ತಹಶೀಲ್ದಾರರು ಬರೆದುಕೊಟ್ಟ ಶಾಂತಿ ಅದು,
ನಾಲ್ಕು ವರ್ಷ ನಾನೇ ತಿರುವಿದ್ದೇನೆ.

ಹಾಸನದ ಸಾಹೇಬರು ಬಂದಿದ್ದರು, ಅರಕಲಗೂಡಿನ ಜೀಪಿನಲ್ಲಿ,
ಕೈಗೆ ಕೈ ಹಿಡಿಸಿ ಫೋಟೊ ತೆಗೆಸಿದರು.
ಫೋಟೊ ಪೇಪರಿಗೆ ಹೋಯಿತು,
ಕೈಗಳು ಅವರವರ ಜೇಬಿಗೆ.

ಆಯಮ್ಮ ಭಾಷಣ ಮಾಡಲಿಲ್ಲ. ಒಂದು ರಿಜಿಸ್ಟರು ತರಿಸಿ
ಸ್ಕೇಲಿಟ್ಟು ಗೆರೆ ಎಳೆದಳು:
ಹೆಸರು. ಕಳೆದದ್ದು. ಬೇಕಾದದ್ದು.
‘ಯಾರು ಮಾಡಿದ್ದು ಅನ್ನೋ ಮನೆ ಎಲ್ಲಿ?’ ಕಾರ್ಯದರ್ಶಿ ಕೇಳಿದ.
‘ಅದು ಕೋರ್ಟಿನ ಪುಸ್ತಕದಲ್ಲಿದೆ, ಅಲ್ಲೇ ಇರ್ಲಿ.
ಇಲ್ಲಿ ಹಂಚು ಎಷ್ಟು ಬೇಕು ಅಂತ ಬರಿ.’

ಬರೆದೆವು. ಸುಟ್ಟ ಹೊಗೆಸೊಪ್ಪಿನ ಬ್ಯಾರನ್ನು ಎರಡು,
ಬಿತ್ತನೆ ಆಲೂಗಡ್ಡೆ ಹನ್ನೊಂದು ಮೂಟೆ,
ಒಂದು ಹೊಲಿಗೆ ಮಿಷನ್ನು,
ಬೆಟ್ಟಯ್ಯಜ್ಜನ ಹಲ್ಲಿನ ಸೆಟ್ಟು—
ನಗಬಾರದಿತ್ತು, ನಕ್ಕೆವು,
ಎರಡೂ ಕೇರಿಯವರು.

ಸಾಲು ಒಂದೇ ಇತ್ತು.
ಅದೇ ಆಯಮ್ಮನ ಹೂಟ ಅಂತ
ಸಂಜೆವರೆಗೂ ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ಕಾಳಿಂಗಮ್ಮ ಬಂದಳು.
ಹೆಸರು ಹೇಳಿದಳು.
‘ಕಳೆದದ್ದು?’
‘ರಂಗಧಾಮ.’
ಪೆನ್ನು ನಿಂತಿತು.
ಬೇಕಾದದ್ದು ಏನು ಅಂತ ಕೇಳುವ ಬಾಯಿ ಯಾರಿಗಿದೆ?
ಹೊರಗೆ ಯಾರೋ ಬೀಡಿ ಹೊಸಕಿದರು.

ಚೆನ್ನಾಜಮ್ಮ ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು
ಆ ಮನೆ ಖಾಲಿ ಬಿಟ್ಟಳು,
ಅಡ್ಡಗೆರೆಯನ್ನೂ ಹೊಡೆಯದೆ.
‘ಇದಕ್ಕೆ ನನ್ನ ಹತ್ರ ಏನೂ ಇಲ್ಲ, ಅಕ್ಕಾ.’
ಕಾಳಿಂಗಮ್ಮ ಬಹಳ ಹೊತ್ತು ಆ ಬಿಳಿಯನ್ನೇ ನೋಡಿದಳು.
ಹೆಬ್ಬೆಟ್ಟು ಒತ್ತಲಿಲ್ಲ. ಎದ್ದೂ ಹೋಗಲಿಲ್ಲ.

ಹಂಚು ಬಂತು. ಬ್ಯಾರನ್ನು ಎದ್ದವು.
ಒಂದು ಬೆಳಗ್ಗೆ ಆಫೀಸಿನ ಬಾಗಿಲಿಗೆ
ಕುರ್ಚಿಯ ಕಾಲು ಒರಗಿಕೊಂಡಿತ್ತು,
ಯಾರೋ ಚೆನ್ನಾಗಿ ತೊಳೆದಿದ್ದರು.
ಆಯಮ್ಮ ಅದನ್ನು ಕುರ್ಚಿಗೆ ಜೋಡಿಸಲಿಲ್ಲ,
ಬೀರುವಿನಲ್ಲಿ ರಿಜಿಸ್ಟರಿನ ಪಕ್ಕ ಇಟ್ಟು ಬೀಗ ಹಾಕಿದಳು.

ನಿನ್ನೆ, ಎರಡೂ ವಾಲ್ವು ಒಟ್ಟಿಗೇ ತೆಗಿ ಅಂದಳು.
ತೆಗೆದೆ. ಪ್ರೆಷರು ಸಾಲದು,
ಎರಡೂ ಕಡೆ ದಾರದಂತೆ ಬರುತ್ತಿದೆ.
ಬೈಯುತ್ತಿದ್ದಾರೆ ಈಗ ಎರಡು ಕೇರಿಯವರೂ
ಒಂದೇ ನಲ್ಲಿಯ ಹತ್ತಿರ ನಿಂತು,
ನನ್ನನ್ನ.