ಇನ್ನೂರ ಐವತ್ತೈದು

ಪೊನ್ನಂಪೇಟೆಯ ಟೈರ್ ಅಂಗಡಿಯ ಮೇಲೆ ನನ್ನ ಕೋಣೆ.
ಕೆಳಗೆ ಗಾಳಿ ತುಂಬುವ ಯಂತ್ರ ಹೊರಟಾಗೆಲ್ಲ
ಮೇಜು ನಡುಗುತ್ತದೆ; ಕಪ್ಪು ಪರದೆಯಲ್ಲಿ
ಕರ್ಸರ್ ಮಾತ್ರ ತನ್ನ ಪಾಡಿಗೆ ಮಿಟುಕುತ್ತದೆ.

ನಾನು ಬರೆದ ಉಪಕರಣಕ್ಕೆ ಕಡಂಗ ಎಂದು ಹೆಸರು.
ಬಣ್ಣವಿಲ್ಲ, ಒತ್ತಲು ಗುಂಡಿಯಿಲ್ಲ.
ಒಂದು ಸಾಲು ಟೈಪು ಮಾಡಿ ಎಂಟರ್ ಹೊಡೆದರೆ
ಊರೆಲ್ಲ ಓಡಾಡುವ ತಂತಿಯೊಳಗೇ
ಇಬ್ಬರಿಗೆ ಮಾತ್ರ ಗೊತ್ತಿರುವ ದಾರಿ ತೋಡುತ್ತದೆ.
ಹೆಸರಿಗೆ ಕಾರಣ ದೊಡ್ಡದೇನಲ್ಲ:
ಬಿಟ್ಟಂಗಾಲದ ಕಡೆ ಕಾಫಿ ತೋಟಗಳ ನಡುವೆ
ಎರಡಾಳು ಆಳದ ಹಳೆಯ ಕಡಂಗವೊಂದಿದೆ,
ಯಾವ ಕಾಲದ ಯಾವ ಜಗಳಕ್ಕೆ ಅಗೆದರೋ,
ಈಗ ಮುಳ್ಳುಹಂದಿಗಳ ವಾಸ.
ಶಾಲೆ ತಪ್ಪಿಸಿ ಅದರೊಳಗೆ ನಡೆದಿದ್ದೇನೆ.
ಮೇಲೆ ಮಾಸ್ತರರ ಜೀಪು ಹೋದದ್ದು ಕೇಳಿಸಿದೆ,
ಅವರಿಗೆ ನಾನು ಕಾಣಿಸಿಲ್ಲ.

ಕಳೆದ ಕಕ್ಕಡದಲ್ಲಿ ಚೆರಿಯಪರಂಬಿನಿಂದ ಸಾದುಲಿಯ ಫೋನು.
ಹೊಳೆದಂಡೆಯ ಕಂಬದಲ್ಲಿ ನೀರು ಅಳೆಯುವ ಪೆಟ್ಟಿಗೆ,
ಅವನ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪು, ನಡುವೆ ನನ್ನ ಕಡಂಗ.
ರಾತ್ರಿ ಎರಡಕ್ಕೆ ಎದ್ದು ನೋಡಿ, ಹೊಳೆ ಏರಿದ್ದರೆ
ಹದಿನಾಲ್ಕು ಮನೆಯ ಬಾಗಿಲು ತಟ್ಟುವುದು ಅವನ ಕೆಲಸ.
ಸಂಬಳ ಕೊಡುವವರಿಲ್ಲ.
"ಮೇಡಂ, ಒಂದು ಕೇಳಲಾ? ಇನ್ನೂರ ಐವತ್ತೈದು ಅಂದರೆ
ಸೆಂಟಿಮೀಟರೇ ಅಲ್ಲವಾ?"

ಅಲ್ಲ.
ಇನ್ನೂರ ಐವತ್ತೈದು ಅಂದರೆ ದಾರಿ ಕುಸಿದಿದೆ,
ಆ ಕಡೆ ಯಾರೂ ಮಾತಾಡುತ್ತಿಲ್ಲ ಎಂದು.
ಕಾರಣ ಹೇಳಲು ಬಾರದ ಯಂತ್ರ ಬಿಸಾಡುವ ಅಂಕಿ.
ಹಾಗೇ ಬಿಟ್ಟಿದ್ದೆ, ಎಲ್ಲರೂ ಬಿಡುತ್ತಾರೆಂದು,
ತಿಳಿಯುವವರಿಗೆ ತಿಳಿಯುತ್ತದೆಂದು.
ಸಾದುಲಿಗೆ ತಿಳಿದದ್ದು: ಎರಡೂವರೆ ಮೀಟರು, ಇನ್ನೂ ಭಯವಿಲ್ಲ.
ಮತ್ತೆ ಮಲಗಿದ.
ಎಬ್ಬಿಸಿದ್ದು ಗೂಡಿನ ಕೋಳಿಗಳು.
ಹದಿನಾಲ್ಕು ಮನೆಯವರೂ ಮೊಣಕಾಲುದ್ದ ನೀರಲ್ಲಿ ಹೊರಬಂದರು.
ಬೀಪಾತುವಿನ ಎರಡು ಆಡು ಬರಲಿಲ್ಲ.
ಇದನ್ನವನು ದೂರಿನಂತೆ ಹೇಳಲಿಲ್ಲ,
ತಾನೇ ತಪ್ಪು ಓದಿದವನಂತೆ ಹೇಳಿದ.
ನನಗೆ ಕಷ್ಟವಾದದ್ದು ಅದೇ.

ಈಗ ಫೆಬ್ರವರಿ. ಕಾಫಿ ಒಣಗಿಸಿದ ಕಣಗಳು ಖಾಲಿ,
ಹೊಳೆಯಲ್ಲಿ ಕಲ್ಲುಗಳು ಎದ್ದಿವೆ.
ಏಳು ಸಾವಿರ ಸಾಲುಗಳಲ್ಲಿ ಬೀಗದ ಗಣಿತವನ್ನು ನಾನು ಮುಟ್ಟಿಲ್ಲ;
ನನಗಿಂತ ಜಾಣರು ಮಾಡಿದ್ದು, ಗಟ್ಟಿಯಿದೆ.
ಮಾತು ಮಾತ್ರ ತಿದ್ದುತ್ತಿದ್ದೇನೆ.

ಪೆಟ್ಟಿಗೆ ಬದಲಾದರೆ ಮೊದಲು ಕಿರುಚುತ್ತಿತ್ತು,
ನಡುವೆ ಕಳ್ಳರು ಕೂತಿರಬಹುದು ಎಂದು.
ಸಾದುಲಿ ಹೆದರಿ ಲ್ಯಾಪ್‌ಟಾಪಿಗೆ ಗೋಣಿ ಹೊದಿಸಿಟ್ಟಿದ್ದನಂತೆ.
ಈಗ ಉಕ್ಕಡದ ಕಾವಲಿನವನಂತೆ ಕೇಳುತ್ತದೆ:
ಈ ಮುಖ ನನಗೆ ಹೊಸದು. ಪೆಟ್ಟಿಗೆ ನೀವೇ ಬದಲಿಸಿದಿರಾ?
ಹೌದೆಂದ ಮಾತ್ರಕ್ಕೆ ಬಿಡುವುದಿಲ್ಲ;
ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ ಚೀಟಿಯ ಗುರುತು
ಓದಿ ಹೇಳಿ ಅನ್ನುತ್ತದೆ.
ಇಪ್ಪತ್ತು ಸೆಕೆಂಡಿಗೊಮ್ಮೆ ಆ ಕಡೆಗೆ ಓಯ್ ಅನ್ನುತ್ತದೆ,
ಮೂರು ಓಯ್‌ಗೆ ಉತ್ತರವಿಲ್ಲದಿದ್ದರೆ
ಸುಮ್ಮನೆ ನೇತಾಡುವುದಿಲ್ಲ.

ಕೊನೆಯ ಸಾಲಿಗೆ ಮೂರು ದಿನ ಹಿಡಿಯಿತು.
ಸಂಪರ್ಕ ವಿಫಲ ಎಂದು ಬರೆದು ಅಳಿಸಿದೆ, ಅದು ಕಚೇರಿಯ ಕನ್ನಡ.
ದಾರಿ ಮುಚ್ಚಿದೆ ಎಂದು ಬರೆದು ಸಾದುಲಿಗೆ ಓದಿ ಹೇಳಿದೆ.
"ಮುಚ್ಚಿದ್ದು ಸರಿ. ನೀರೆಷ್ಟು ಅಂತಲೂ ಹೇಳಲಿ."
ಅದಕ್ಕೆ ನೀರಿನ ವಿಷಯ ಗೊತ್ತೇ ಇಲ್ಲ ಮಾರಾಯ, ಎಂದೆ.
"ಹಾಗಾದರೆ ಅದನ್ನೇ ಹೇಳಲಿ."

ಸಂಜೆ ಕೆಳಗೆ ಜೋಯಪ್ಪ ಶಟರ್ ಎಳೆದ.
ನಾನು ತಂತಿ ಕಿತ್ತು ಕೈಯಲ್ಲಿ ಹಿಡಿದು ಕೂತೆ.
ಇಪ್ಪತ್ತು. ನಲವತ್ತು.
ಅರವತ್ತಕ್ಕೆ ಪರದೆಯಲ್ಲಿ ಅಂಕಿ ಬರಲಿಲ್ಲ. ಬಂದದ್ದು:

ದಾರಿ ಮುಚ್ಚಿದೆ.
ಆ ಕಡೆ ಏನಾಗಿದೆ ನನಗೆ ಗೊತ್ತಿಲ್ಲ.
ಹೋಗಿ ನೋಡಿ.